ವಾಸನೆ ಮುಚ್ಚಬ್ಯಾಡ್ರಿ, ತೆಗೀರಿ

ಇವತ್ತು ದಿನಾ ಮಾಡುವ ಒಂದು ಮನೆಗೆಲಸದ ಮಾತು ಆಡೋಣ.

ನಮ್ಮ ಅಕ್ಕಲಕೋಟ ಕಡೆ ಇಲಿ ಕಾಟಕ್ಕೆ ಬೆಕ್ಕು ಸಾಕುತ್ತೇವೆ. ಕಾವಲಿಗೆ ನಾಯಿ ಸಾಕುತ್ತೇವೆ. ಮಳೆಗಾಲದಾಗ ಆಡಿನ ಮರಿಗಳನ್ನೂ ಒಳಗೇ ಕಟ್ಟುತ್ತೇವೆ. ಮೂಕ ಪ್ರಾಣಿಗಳು. ಒಮ್ಮೊಮ್ಮೆ ಮನೆಯೊಳಗೇ ಉಚ್ಚೆ ಹೊಯ್ಯುತ್ತವೆ. ಆಗ ನಾವು ಏನ್ ಮಾಡ್ತೀವಿ? ಒಂದು ತಂಬಿಗೆ ನೀರು ಸುರುವುತ್ತೇವೆ. ಊದಿನಕಡ್ಡಿ ಹಚ್ಚುತ್ತೇವೆ. ಎರಡು ದಿನ ವಾಸನೆ ಗೊತ್ತಾಗೋದಿಲ್ಲ. ಮಳೆ ಬಂದು ನೆಲ ತಂಪು ಹಿಡೀತು ಅಂದ್ರೆ ಮತ್ತೆ ನಾತ. ಬೆಕ್ಕು ಮತ್ತೆ ಅಲ್ಲೇ ಹೋಗುತ್ತದೆ.

ಯಾಕೆ ಹೀಗೆ? ಉಚ್ಚೆಯಲ್ಲಿ ಯೂರಿಯಾ ಇರುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರದಲ್ಲಿ ಇರೋದೂ ಅದೇ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಅದನ್ನು ಅಮೋನಿಯಾ ಎಂಬ ಗಾಳಿಯಾಗಿ ಮಾಡುತ್ತವೆ. ಮೂಗಿಗೆ ಚುಚ್ಚುವ ವಾಸನೆ ಅದರದ್ದು. ಬೆಕ್ಕಿನ ಉಚ್ಚೆಯಲ್ಲಿ ಯೂರಿಕ್ ಆಮ್ಲ ಅಂತ ಇನ್ನೊಂದು ಇರುತ್ತದೆ. ಅದು ನೀರಿನಲ್ಲಿ ಬೇಗ ಕರಗುವುದಿಲ್ಲ. ಕಲ್ಲಿನ ಸಂದಿಯಲ್ಲಿ ಹೋಗಿ ಕೂಡುತ್ತದೆ. ತೇವ ತಗಲಿದರೆ ಮತ್ತೆ ನಾರುತ್ತದೆ. ಊದಿನಕಡ್ಡಿ ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ.

ಹಾಗಾದರೆ ಹೇಗೆ ತೆಗೆಯಬೇಕು? ನೋಡ್ರಿ.

ಮೊದಲು ಒಣ ಅರಿವಿ ಹಾಕಿ ಒತ್ತಿರಿ. ಇಲ್ಲವೇ ಒಣ ಬೂದಿ ಚೆಲ್ಲಿರಿ. ಹಸಿ ಹೀರಿಕೊಳ್ಳಲಿ. ತಿಕ್ಕಬ್ಯಾಡ್ರಿ, ತಿಕ್ಕಿದರೆ ಹರಡುತ್ತದೆ. ಆಮೇಲೆ ತಣ್ಣೀರಿನಿಂದ ತೊಳೀರಿ. ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗಬಹುದು. ಕಡೆಗೆ ಸಾಬೂನಿನ ನೀರು ಹಾಕಿ, ಹಳೆ ಬ್ರಷ್‌ನಿಂದ ಸಂದಿಗಳನ್ನು ತಿಕ್ಕಿರಿ. ಚೆನ್ನಾಗಿ ಒಣಗಲು ಬಿಡ್ರಿ. ಕಲೆ ಹಳೆಯದಿದ್ದರೆ ಹೀಗೆ ಎರಡು-ಮೂರು ಸಲ ಮಾಡಬೇಕು. ಪಟ್ಟಣದ ಅಂಗಡಿಗಳಲ್ಲಿ ಇದಕ್ಕೇ ಎಂಜೈಮ್ ಇರುವ ಔಷಧ ಸಿಗುತ್ತದೆ. ಅದು ಯೂರಿಕ್ ಆಮ್ಲವನ್ನು ಒಡೆಯುತ್ತದೆ.

ನಮ್ಮ ಮನೆಗಳಲ್ಲಿ ಶಹಾಬಾದ್ ಫರಸಿ ಬಹಳ. ಇದು ಸುಣ್ಣದ ಕಲ್ಲು. ಇದರ ಮೇಲೆ ನಿಂಬೆಹಣ್ಣು, ಹುಣಸೆಹುಳಿ, ವಿನೆಗರ್, ಆ್ಯಸಿಡ್ ಏನೂ ಹಾಕಬಾರದು. ಹುಳಿ ಈ ಕಲ್ಲನ್ನು ತಿನ್ನುತ್ತದೆ. ಹೊಳಪು ಹೋಗಿ ಕಲ್ಲು ಒರಟಾಗುತ್ತದೆ. ಒರಟು ಕಲ್ಲು ಮತ್ತಷ್ಟು ಉಚ್ಚೆ ಹೀರುತ್ತದೆ. ಫರಸಿಗೆ ಸಾಬೂನು ಸಾಕು.

ಮಣ್ಣಿನ ನೆಲವಿದ್ದರೆ ನೆನೆದ ಮಣ್ಣನ್ನೇ ಕೆರೆದು ತೆಗೀರಿ. ಹೊಸ ಮಣ್ಣು ತುಂಬಿ, ಬಡಿದು, ಸಾರಿಸಿರಿ.

ಚಾದರ, ಕೌದಿಗಳನ್ನು ಮೊದಲು ಬರೀ ತಣ್ಣೀರಿನಲ್ಲಿ ಜಾಲಿಸಿರಿ. ಒಂದು ಬಕೀಟು ನೀರಿಗೆ ಅರ್ಧ ಕಪ್ ವಿನೆಗರ್ ಹಾಕಿ ಅರ್ಧ ತಾಸು ನೆನೆಸಿರಿ. ಆಮೇಲೆ ಸಾಬೂನು ಹಚ್ಚಿ ಒಗೆದು ಬಿಸಿಲಿಗೆ ಹಾಕ್ರಿ. ಗಾದಿಯನ್ನು ನೀರಿನಲ್ಲಿ ಮುಳುಗಿಸಬ್ಯಾಡ್ರಿ. ಒಣ ಅರಿವಿಯಿಂದ ಒತ್ತಿ, ಅಡಿಗೆ ಸೋಡಾ ಉದುರಿಸಿ, ರಾತ್ರಿ ಹಾಗೇ ಬಿಡ್ರಿ. ಮುಂಜಾನೆ ಝಾಡಿಸಿ ಬಿಸಿಲಿಗಿಡ್ರಿ. ಕಟ್ಟಿಗೆಯ ಮಂಚ, ಖುರ್ಚಿ ಇದ್ದರೆ ಹಿಂಡಿದ ಅರಿವಿಯಿಂದ ಒರೆಸಿ ಕೂಡಲೇ ಒಣಗಿಸ್ರಿ.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಲಕ್ಷ್ಯ ಕೊಟ್ಟು ಓದ್ರಿ.

ವಾಸನೆ ಹೋಗಲಿ ಅಂತ ಕೆಲವರು ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ಆ್ಯಸಿಡ್ ಸುರುವುತ್ತಾರೆ. ಎರಡು ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಕಣ್ಣು ಉರಿಯುತ್ತದೆ. ಎದೆ ಹಿಡಿಯುತ್ತದೆ. ಉಸಿರು ಕಟ್ಟುತ್ತದೆ. ಜೀವಕ್ಕೇ ಅಪಾಯ. ಹಸಿ ಉಚ್ಚೆಯ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೂ ಕೆಟ್ಟ ಗಾಳಿ ಬರುತ್ತದೆ. ಯಾವ ಎರಡು ಔಷಧಗಳನ್ನೂ ಕೂಡಿಸಬ್ಯಾಡ್ರಿ. ತಪ್ಪಿ ಹೀಗಾದರೆ ಎಲ್ಲವನ್ನೂ ಅಲ್ಲೇ ಬಿಟ್ಟು, ಮಕ್ಕಳನ್ನು ಕರೆದುಕೊಂಡು ಹೊರಗೆ ಬರ್ರಿ. ಕಣ್ಣು ಉರಿದರೆ ಚೊಕ್ಕ ನೀರಿನಿಂದ ಬಹಳ ಹೊತ್ತು ತೊಳೀರಿ. ತಡ ಮಾಡದೆ ದವಾಖಾನೆಗೆ ಹೋಗ್ರಿ.

ಫಿನಾಯಿಲ್ ಕೂಡ ಬೆಕ್ಕಿಗೆ ವಿಷ. ಬೆಕ್ಕು ಫಿನಾಯಿಲ್ ಮೆಟ್ಟಿ ಕಾಲು ನೆಕ್ಕುತ್ತದೆ. ಅಂಬೆಗಾಲಿಡುವ ಕೂಸೂ ಅದೇ ನೆಲದ ಮೇಲೆ ಕೈ ಊರಿ, ಆ ಕೈ ಬಾಯಿಗೆ ಇಡುತ್ತದೆ. ಫಿನಾಯಿಲ್ ಹಾಕಿದರೆ ಮತ್ತೊಮ್ಮೆ ಬರೀ ನೀರಿನಿಂದ ಒರೆಸಿರಿ. ಒಣಗುವ ತನಕ ಯಾರನ್ನೂ ಬಿಡಬ್ಯಾಡ್ರಿ.

ನಾಯಿ-ಬೆಕ್ಕಿನ ಹೇಲನ್ನು ಅವತ್ತಿಂದು ಅವತ್ತೇ ತೆಗೆದು ಹುಗಿಯಿರಿ. ಅದರಿಂದ ಮಕ್ಕಳಿಗೆ ಜಂತುಹುಳ ಆಗುತ್ತದೆ. ಬಸುರಿ ಹೆಣ್ಣುಮಕ್ಕಳು ಬೆಕ್ಕಿನ ಹೇಲು ತೆಗೆಯಬಾರದು. ಅದರಿಂದ ಬರುವ ಒಂದು ರೋಗ ಹೊಟ್ಟೆಯೊಳಗಿನ ಕೂಸಿಗೆ ಕೆಡುಕು ಮಾಡುತ್ತದೆ. ಆ ಕೆಲಸ ಗಂಡಸರು ಮಾಡಲಿ.

ಪ್ರಾಣಿಯನ್ನು ಹೊಡೆಯಬ್ಯಾಡ್ರಿ. ಹೊಡೆದರೆ ಅದು ಮರೆಯಲ್ಲಿ ಹೋಗಿ ಹೊಯ್ಯುತ್ತದೆ. ಹೊರಗೆ ಕೂಡುತ್ತಿದ್ದ ಬೆಕ್ಕು ಒಮ್ಮೆಲೇ ಒಳಗೆ ಹೊಯ್ಯತೊಡಗಿದರೆ ಅದಕ್ಕೆ ಬೇನೆ ಇರಬಹುದು. ಗಂಡು ಬೆಕ್ಕು ಮುಕ್ಕರಿದರೂ ಉಚ್ಚೆ ಬಾರದಿದ್ದರೆ ಅವತ್ತೇ ದನದ ದವಾಖಾನೆಗೆ ಒಯ್ಯಿರಿ. ಮರುದಿನಕ್ಕೆ ಬಿಟ್ಟರೆ ಸಾಯಬಹುದು.

ಕಡೆಗೆ ನಿಮಗೊಂದು ಕೆಲಸ. ಫಿನಾಯಿಲ್, ಆ್ಯಸಿಡ್ ಬಾಟಲಿಗಳ ಮೇಲೆ ಮರಾಠಿ, ಹಿಂದಿ, ಇಂಗ್ಲಿಷ್ ಇರುತ್ತದೆ. ಬಿಡಿಯಾಗಿ ತಂದರೆ ನೀರಿನ ಬಾಟಲಿಯಲ್ಲೇ ಕೊಡುತ್ತಾರೆ, ಚೀಟಿಯೇ ಇರೋದಿಲ್ಲ. ಬಾಯಾರಿದ ಕೂಸು ನೀರು ಅಂತ ಕುಡಿದೀತು. ನೀವು ಈಗ ಬರೆಯಲು ಕಲಿತಿದ್ದೀರಿ. ಇವತ್ತು ಮನೆಗೆ ಹೋಗಿ ಒಂದು ಚೀಟಿ ತಗೋರಿ. ದೊಡ್ಡ ಅಕ್ಷರದಲ್ಲಿ ಬರೀರಿ:

ಇದು ವಿಷ. ಮುಟ್ಟಬ್ಯಾಡ.

ಬಾಟಲಿಗೆ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡ್ರಿ. ಓದಲು ಬಾರದವರಿಗೆ ಓದಿ ಹೇಳ್ರಿ.