ನಿಂತಲ್ಲೇ ಓಡುವ ಸೈಕಲ್ಲಿನ ಆಯುಷ್ಯ



ಮಳೆಗಾಲದ ಮಲೆನಾಡಿನಲ್ಲಿ ಬೆಳಗಿನ ನಡಿಗೆ ಸುಲಭವಲ್ಲ. ವೈದ್ಯರ ಸಲಹೆಯಂತೆ ಪೇಟೆಯ ಅನೇಕ ಮನೆಗಳು ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲುಗಳನ್ನು ತರಿಸಿಕೊಂಡಿವೆ. ತಾಲೂಕು ಕೇಂದ್ರಗಳ ಜಿಮ್‌ಗಳಲ್ಲಿಯೂ ಅವು ಸಾಲಾಗಿ ನಿಂತಿವೆ. ಕೊಳ್ಳುವಾಗ ವಿಚಾರಿಸುವವರು ಬಹಳ. ಕೆಟ್ಟಾಗ ಬಿಚ್ಚಿ ನೋಡುವವರು ವಿರಳ. ಒಂದು ದಿನ ಕಟಕಟ ಸದ್ದು ಹೊರಡುತ್ತದೆ, ಮರುವಾರ ಅದರ ಮೇಲೆ ಒದ್ದೆ ಬಟ್ಟೆ ಹರಡಿಕೊಳ್ಳುತ್ತದೆ, ವರ್ಷ ಕಳೆಯುವಷ್ಟರಲ್ಲಿ ಅದು ಗುಜರಿಯವರ ತಕ್ಕಡಿ ಏರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಯಂತ್ರದ ತೂಕವೆಲ್ಲ ಅದರ ಉಕ್ಕಿನ ಚೌಕಟ್ಟು ಮತ್ತು ಭಾರದ ಗಾಲಿಯಲ್ಲಿದೆ. ಜಿಮ್‌ನ ಸೈಕಲ್ಲಿನ ಗಾಲಿಯೊಂದೇ 15–20 ಕಿಲೋ ತೂಗುವುದುಂಟು. ಅವು ಬೇಗ ಸವೆಯುವುದಿಲ್ಲ. ಸವೆಯುವಂಥವು ಪೆಡಲ್, ಬೆಲ್ಟ್, ಬೇರಿಂಗ್, ಬ್ರೇಕಿನ ಪ್ಯಾಡ್‌ನಂತಹ ಅಂಗೈಯಲ್ಲಿ ಹಿಡಿಯಬಹುದಾದ ವಸ್ತುಗಳು. ಇಷ್ಟು ಸಣ್ಣ ಭಾಗಕ್ಕಾಗಿ ಅಷ್ಟು ಕಬ್ಬಿಣವನ್ನು ಎಸೆಯುವ ಪರಿಪಾಠವನ್ನು ತಡೆಯಬಲ್ಲವರು ಬಲ್ಲ ರಿಪೇರಿಗಾರರು ಮಾತ್ರ.

ಮನೆಯೊಳಗಿನ ಸೈಕಲ್ಲಿಗೆ ಮಳೆ ತಗಲದಿದ್ದರೂ ಬೆವರು ತಗಲುತ್ತದೆ. ಬೆವರಿನ ಉಪ್ಪು ಹಿಡಿಕೆಯ ಕಂಬದ ಮೂಲಕ ಇಳಿದು ತಿರುಪುಗಳ ಸಂದಿಯಲ್ಲಿ ನಿಲ್ಲುತ್ತದೆ. ಆಷಾಢದ ತೇವದಲ್ಲಿ ಅದು ಆರುವುದೇ ಇಲ್ಲ. ಕೆಲವೇ ತಿಂಗಳಲ್ಲಿ ಸೀಟಿನ ಕಂಬ ತುಕ್ಕು ಹಿಡಿದು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ತುಳಿದ ಮೇಲೆ ಒಣಬಟ್ಟೆಯಿಂದ ಒರೆಸುವುದು, ವಾರಕ್ಕೊಮ್ಮೆ ಸೀಟು ಹಾಗೂ ಹಿಡಿಕೆಯ ಕಂಬಗಳನ್ನು ಎತ್ತಿ ಒರೆಸಿ ಇಳಿಸುವುದು, ತಿಂಗಳಿಗೊಮ್ಮೆ ತಿರುಪುಗಳ ಬಿಗಿ ನೋಡುವುದು — ಈ ಮೂರು ರೂಢಿಗಳಿಂದ ಅರ್ಧದಷ್ಟು ತೊಂದರೆ ಹುಟ್ಟುವುದಕ್ಕೆ ಮೊದಲೇ ಅಡಗುತ್ತದೆ. ಇದನ್ನು ಮಾಲೀಕರಿಗೆ ಹೇಳಿಕೊಡುವುದೂ ರಿಪೇರಿಗಾರರ ಕೆಲಸವೇ.

ಯಂತ್ರವನ್ನು ಬಿಚ್ಚುವ ಮೊದಲು ಅದರ ಸದ್ದನ್ನು ಕೇಳಬೇಕು. ಪೆಡಲ್ ಒಂದು ಸುತ್ತು ಬಂದಾಗ ಒಮ್ಮೆ ಟಕ್ ಎಂದರೆ ಪೆಡಲ್ ಅಥವಾ ಕ್ರ್ಯಾಂಕ್ ಸಡಿಲವಾಗಿರುವ ಸಂಭವ ಹೆಚ್ಚು. ಗಾಲಿಯ ವೇಗದೊಡನೆ ಗೊರಗೊರ ಸದ್ದು ಏರಿದರೆ ಬೇರಿಂಗ್ ಸವೆದಿರಬಹುದು. ಬ್ರೇಕ್ ಬಿಗಿ ಮಾಡಿದಾಗ ಮಾತ್ರ ಕೀಚಲು ಸದ್ದು ಬಂದರೆ ಉಣ್ಣೆಯ ಪ್ಯಾಡ್ ಒಣಗಿರುತ್ತದೆ. ತಯಾರಕರು ಹೇಳಿದ ಎಣ್ಣೆಯ ಕೆಲವು ಹನಿ ಅದಕ್ಕೆ ಸಾಕಾಗಬಹುದು. ಬಲವಾಗಿ ತುಳಿದಾಗ ಜಾರಿದಂತಾದರೆ ಬೆಲ್ಟನ್ನು ನೋಡಬೇಕು. ಪರದೆಯಲ್ಲಿ ವೇಗ ಕಾಣದಿದ್ದರೆ ಮೊದಲು ಬ್ಯಾಟರಿ, ನಂತರ ತಿರುಗುವ ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವಿನ ಅಂತರ; ಹೊಸ ಪರದೆಯ ಮಾತು ಕೊನೆಯದು.

ಕೈತಪ್ಪಿನಿಂದ ಹೆಚ್ಚು ಹಾನಿಯಾಗುವುದು ಪೆಡಲ್ ಬದಲಿಸುವಾಗ. ಬಲಗಡೆಯ ಪೆಡಲಿಗೆ ಸಾಮಾನ್ಯ ತಿರುಪು, ಎಡಗಡೆಯದಕ್ಕೆ ಎಡತಿರುಪು. ಎರಡನ್ನೂ ಬಿಗಿ ಮಾಡುವಾಗ ಸ್ಪ್ಯಾನರಿನ ಮೇಲ್ತುದಿ ಹಿಡಿಕೆಯ ಕಡೆಗೆ, ಅಂದರೆ ಮುಂದಕ್ಕೆ, ಚಲಿಸಬೇಕು ಎಂಬುದನ್ನು ನೆನಪಿಟ್ಟರೆ ಸಾಕು. ಮೊದಲು ಬರಿಗೈಯಿಂದ ತಿರುಗಿಸಿ, ಸಲೀಸಾಗಿ ಕೂತ ಮೇಲೆ ಸ್ಪ್ಯಾನರ್ ಹಿಡಿಯಬೇಕು. ಬಲವಂತ ಮಾಡಿದರೆ ಕ್ರ್ಯಾಂಕಿನ ಥ್ರೆಡ್ ಕಿತ್ತುಹೋಗುತ್ತದೆ. ಸಡಿಲ ಪೆಡಲನ್ನು ಹಾಗೆಯೇ ತುಳಿಯುತ್ತ ಹೋದರೂ ಫಲ ಅದೇ.

ಬಿಡಿಭಾಗ ಸಿಗುವುದಿಲ್ಲ ಎಂಬ ದೂರು ಸಾಮಾನ್ಯ. ಆದರೆ ಬೇರಿಂಗಿನ ಬದಿಯಲ್ಲಿ ಕೆತ್ತಿದ ಸಂಖ್ಯೆ ಯಾವುದೋ ಒಂದು ಕಂಪನಿಯ ಗುಟ್ಟಲ್ಲ. ಅದೇ ಸಂಖ್ಯೆಯದು ಪಂಪ್‌ಸೆಟ್ಟಿನ, ಬೈಕಿನ ಬಿಡಿಭಾಗದ ಅಂಗಡಿಯಲ್ಲಿ ದೊರೆಯುವುದುಂಟು. ಉದ್ದಗೆರೆಗಳುಳ್ಳ ಬೆಲ್ಟಿನ ಮೇಲೆ 390ಜೆ6 ಎಂದಿದ್ದರೆ 39 ಇಂಚು ಉದ್ದ, 6 ಗೆರೆ ಎಂದರ್ಥ. ಬಟ್ಟೆ ಒಗೆಯುವ ಯಂತ್ರಗಳಲ್ಲಿಯೂ ಈ ಜಾತಿಯ ಬೆಲ್ಟುಗಳಿವೆ. ಈ ಸಂಖ್ಯೆಗಳನ್ನು ಓದಬಲ್ಲವರಿಗೆ ದೂರದ ನಗರದ ಸೇವಾ ಕೇಂದ್ರದ ಹಂಗು ಕಡಿಮೆ.

ವೃತ್ತಿಯೆಂದ ಮೇಲೆ ಹೊಣೆಯೂ ಉಂಟು. ಗಾಲಿ ತಿರುಗುವಾಗ ಕೈಹಾಕಲಾಗದು. ಫ್ರೀವೀಲ್ ಇಲ್ಲದ ಸೈಕಲ್ಲಿನಲ್ಲಿ ಕಾಲು ನಿಂತರೂ ಗಾಲಿ ನಿಲ್ಲದೆ ಪೆಡಲನ್ನು ಸುತ್ತಿಸುತ್ತದೆ. ತುರ್ತು ಬ್ರೇಕ್ ಹಿಡಿಯುತ್ತದೆಯೇ ಎಂದು ಪ್ರತಿಬಾರಿ ಪರೀಕ್ಷಿಸಬೇಕು. ಪ್ರತಿ ಯಂತ್ರಕ್ಕೂ ಪುಸ್ತಕದಲ್ಲಿ ಒಂದು ಪುಟವಿದ್ದು, ದಿನಾಂಕ, ದೋಷ, ಬದಲಿಸಿದ ಭಾಗ ಅಲ್ಲಿ ದಾಖಲಾಗಬೇಕು. ಬಿರುಕುಬಿಟ್ಟ ಸೀಟಿನ ಕಂಬವನ್ನು ಬೆಸೆದು ಕೊಡುವುದು ಉಪಕಾರವಲ್ಲ, ಅಪಾಯ, ಅದನ್ನು ಬದಲಿಸಲೇಬೇಕು. ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಪೆಲೊಟಾನ್ ಕಂಪನಿಯ ಸುಮಾರು 22 ಲಕ್ಷ ಸೈಕಲ್ಲುಗಳ ಸೀಟಿನ ಕಂಬ ಮುರಿಯಬಹುದೆಂಬ ಎಚ್ಚರಿಕೆ ಹೊರಟಿತು. ಆಗ ದೊರೆತ ಪರಿಹಾರ, ಬಳಕೆದಾರರೇ ಜೋಡಿಸಿಕೊಳ್ಳಬಹುದಾದ ಹೊಸ ಕಂಬವನ್ನು ಉಚಿತವಾಗಿ ಕೊಡುವುದಾಗಿತ್ತು. ಒಂದು ಕಂಬದಿಂದ ಸೈಕಲ್ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ವಿದ್ಯುನ್ಮಾನ ಭಾಗಗಳುಳ್ಳ ಕ್ರೀಡಾ ಸಲಕರಣೆಗಳೂ ಬರುತ್ತವೆ. ಆದ್ದರಿಂದ ಕೆಟ್ಟ ಪರದೆ, ತಂತಿಗಳನ್ನು ಕಬ್ಬಿಣದೊಂದಿಗೆ ಬೆರೆಸದೆ ಬೇರೆಯಾಗಿಯೇ ಕೊಡಬೇಕು. ಆದರೆ ಎಸೆಯುವ ಕ್ರಮಕ್ಕಿಂತ ಉಳಿಸುವ ಕ್ರಮ ಮೇಲು. ಕಬ್ಬಿಣ ಎಲ್ಲಿಂದ ಬರುತ್ತದೆ ಎಂಬುದನ್ನು ಈ ಬೆಟ್ಟಗಳಿಗೆ ಯಾರೂ ವಿವರಿಸಬೇಕಾಗಿಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತರೂ ಲಕ್ಯಾ ಅಣೆಕಟ್ಟಿನ ಹಿಂದೆ ಅದಿರಿನ ಹೂಳು ಇಂದಿಗೂ ಉಳಿದಿದೆ.

ಪೇಟೆಗೊಬ್ಬರು ಸೈಕಲ್ ರಿಪೇರಿಯವರು ಇದ್ದ ಕಾಲವನ್ನು ಹಿರಿಯರು ಬಲ್ಲರು. ಪಂಕ್ಚರ್ ಅಂಗಡಿಯ ಕೈಚಳಕ ಈ ಹೊಸ ಯಂತ್ರಕ್ಕೂ ಸಾಲುತ್ತದೆ; ಮೇಲೆ ಬೇಕಾದದ್ದು ಸ್ವಲ್ಪ ಅಭ್ಯಾಸ, ಒಂದು ಲೆಕ್ಕದ ಪುಸ್ತಕ. ಊರಿನ ಯುವಕ ಯುವತಿಯರು ಇದನ್ನು ಕಲಿತರೆ ಊರಿನಲ್ಲೇ ದುಡಿಮೆಯ ಒಂದು ದಾರಿ ತೆರೆಯುತ್ತದೆ. ಗುಜರಿಯ ಗಾಡಿಗೆ ಹೊರೆಯೂ ಅಷ್ಟು ಕಡಿಮೆಯಾಗುತ್ತದೆ.