ಪಂಪ್‌ಹೌಸಿನ ಸರ್ಕ್ಯೂಟ್ ಬ್ರೇಕರ್: ಖರೀದಿಗೆ ಮುನ್ನ ಕೇಳಬೇಕಾದ ಎರಡನೆಯ ಅಂಕಿ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರಿನ ಪಂಪ್‌ಹೌಸಿಗೆ ಬ್ರೇಕರ್ ಕೊಳ್ಳುವ ವಿಷಯವು ಪಂಚಾಯಿತಿ ಸಭೆಯ ಮುಂದೆ ಬರುವುದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ: ‘63 ಆಂಪಿಯರ್ ಎಂ.ಸಿ.ಬಿ., ಒಂದು’. ದರಪಟ್ಟಿಗಳಲ್ಲಿ ಅತಿ ಕಡಿಮೆ ದರ ನಮೂದಿಸಿದವರಿಗೆ ಆದೇಶ ಹೋಗುತ್ತದೆ. ಆ ಸಾಲಿನಲ್ಲಿ ಇರಬೇಕಾದ ಮತ್ತೊಂದು ಅಂಕಿಯನ್ನು ಕೇಳುವವರು ವಿರಳ. ಅದರ ಕೊರತೆ ತಿಳಿಯುವುದು ಶಾರ್ಟ್ ಸರ್ಕ್ಯೂಟ್ ಆದ ದಿನ. ಅಂದು ಪ್ಯಾನಲ್ ಬೋರ್ಡಿನ ಮುಂದೆ ನಿಂತಿರುವವರು ಗ್ರಾಮದ ನೀರುಗಂಟಿ.

63 ಆಂಪಿಯರ್ ಎಂಬುದು ಬ್ರೇಕರ್ ದಿನನಿತ್ಯ ಹೊರಬಲ್ಲ ವಿದ್ಯುತ್ ಪ್ರವಾಹ. ಅವಘಡದ ಕ್ಷಣದಲ್ಲಿ ಅದು ಎಷ್ಟು ಪ್ರವಾಹವನ್ನು ಸುರಕ್ಷಿತವಾಗಿ ತುಂಡರಿಸಬಲ್ಲದು ಎಂಬುದು ಬೇರೆಯೇ ಲೆಕ್ಕ. ಕೆರೆಗೆ ತೂಬೂ ಇದೆ, ಕೋಡಿಯೂ ಇದೆ. ಗದ್ದೆಗೆ ಬಿಡುವ ನೀರನ್ನು ತೂಬಿನಿಂದ ಅಳೆಯಬಹುದು. ಮದಗದ ಕೆರೆಗೆ ಮಹಾಪೂರ ಬಂದ ದಿನ ಏರಿಯನ್ನು ಉಳಿಸುವುದು ಕೋಡಿ. ಬ್ರೇಕರಿನ ಆಂಪಿಯರ್ ತೂಬಾದರೆ, ಕಿಲೋ ಆಂಪಿಯರ್‌ನಲ್ಲಿ ಹೇಳುವ ತುಂಡರಿಸುವ ಸಾಮರ್ಥ್ಯ ಕೋಡಿ. ಪ್ರವಾಹವನ್ನು ಹೊರುವ ಮತ್ತು ಕಡಿಯುವ ಎರಡೂ ಸಾಮರ್ಥ್ಯಗಳಿರಬೇಕೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳೇ ಹೇಳಿದ್ದವು. ವಿಷಯ ಹೊಸದಲ್ಲ, ಖರೀದಿಯ ಕಡತಕ್ಕೆ ಮಾತ್ರ ಅದು ಇನ್ನೂ ಬಂದು ಸೇರಿಲ್ಲ.

ಶಾರ್ಟ್ ಸರ್ಕ್ಯೂಟ್ ಆದಾಗ ಬ್ರೇಕರಿನೊಳಗಿನ ಎರಡು ಲೋಹದ ತುದಿಗಳು ಬೇರ್ಪಡುತ್ತವೆ. ಆದರೆ ಪ್ರವಾಹ ಕೂಡಲೇ ನಿಲ್ಲುವುದಿಲ್ಲ. ನಡುವಿನ ಗಾಳಿಯಲ್ಲಿ ಕಿಡಿಯ ಸೇತುವೆ ಹತ್ತಿ ಉರಿಯುತ್ತದೆ. ಅದನ್ನು ತೆಳು ಲೋಹದ ಪಟ್ಟಿಗಳ ನಡುವೆ ಸೀಳಿ, ತಣಿಸಿ, ಆರಿಸುವುದೇ ಬ್ರೇಕರಿನ ನಿಜವಾದ ಕೆಲಸ. ಪ್ರವಾಹವು ಸಾಮರ್ಥ್ಯವನ್ನು ಮೀರಿದರೆ ಕಿಡಿ ಆರದು. ತುದಿಗಳು ಕರಗಿ ಅಂಟಿಕೊಳ್ಳಬಹುದು, ಪೆಟ್ಟಿಗೆಯೇ ಒಡೆದು ಬೆಂಕಿ ಮತ್ತು ಕರಗಿದ ಲೋಹ ಹೊರಕ್ಕೆ ಸಿಡಿಯಬಹುದು.

ಎಷ್ಟು ಪ್ರವಾಹ ಬರಬಹುದೆಂಬುದನ್ನು ಪರಿವರ್ತಕದ, ಅಂದರೆ ಊರವರು ಟಿ.ಸಿ. ಎನ್ನುವುದರ, ನಾಮಫಲಕದಿಂದಲೇ ಅಂದಾಜಿಸಬಹುದು. ಅದರಲ್ಲಿ ಕೆ.ವಿ.ಎ. ಜೊತೆಗೆ ಇಂಪಿಡೆನ್ಸ್ ಎಂಬ ಶೇಕಡಾವಾರು ಅಂಕಿ ಇರುತ್ತದೆ. ವಿತರಣಾ ಪರಿವರ್ತಕಗಳಲ್ಲಿ ಅದು ಸಾಮಾನ್ಯವಾಗಿ 4.5ರ ಆಸುಪಾಸು. 433 ವೋಲ್ಟಿನ 100 ಕೆ.ವಿ.ಎ. ಪರಿವರ್ತಕದ ಪೂರ್ಣ ಪ್ರವಾಹ ಸುಮಾರು 133 ಆಂಪಿಯರ್. ಅದನ್ನು 4.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 2,960 ಆಂಪಿಯರ್, ಎಂದರೆ ಹತ್ತಿರ ಹತ್ತಿರ 3 ಕಿಲೋ ಆಂಪಿಯರ್. ಪರಿವರ್ತಕದ ಬುಡದಲ್ಲಿಯೇ ದೋಷವಾದರೆ ಬರಬಹುದಾದ ಗರಿಷ್ಠ ಪ್ರಮಾಣವಿದು. ಇದೇ ಲೆಕ್ಕದಲ್ಲಿ 63 ಕೆ.ವಿ.ಎ.ಗೆ ಸುಮಾರು 1.9, 250 ಕೆ.ವಿ.ಎ.ಗೆ 7.4, 500 ಕೆ.ವಿ.ಎ.ಗೆ 14.8 ಕಿಲೋ ಆಂಪಿಯರ್.

ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಒಂದೇ ಕೊಳವೆ ಬಾವಿಯ ಸಣ್ಣ ಪಂಪ್‌ಹೌಸಿಗೆ 10 ಕಿಲೋ ಆಂಪಿಯರಿನ ಪ್ರಮಾಣಿತ ಎಂ.ಸಿ.ಬಿ. ಧಾರಾಳ, ಅಲ್ಲಿಗೆ 50 ಕಿಲೋ ಆಂಪಿಯರಿನದನ್ನು ಶಿಫಾರಸು ಮಾಡುವ ಮಾರಾಟಗಾರರ ಮಾತಿಗೆ ಮರುಳಾಗಬೇಕಿಲ್ಲ. ಆದರೆ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಂತಹ ದೊಡ್ಡ ಸ್ಥಾವರದಲ್ಲಿ 500 ಕೆ.ವಿ.ಎ. ಪರಿವರ್ತಕವಿದ್ದರೆ, ಅದರ ಮುಖ್ಯ ಬೋರ್ಡಿಗೆ ಅದೇ 10 ಕಿಲೋ ಆಂಪಿಯರ್ ಸಾಲದು. ಅಲ್ಲಿ 25 ಕಿಲೋ ಆಂಪಿಯರಿನ ಎಂ.ಸಿ.ಸಿ.ಬಿ. ಬೇಕಾಗುತ್ತದೆ.

ಈ ಮೂರು ತಾಲ್ಲೂಕುಗಳ ಬಯಲುಭಾಗದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಂತರ್ಜಲ ಇಳಿದಂತೆ ಪಂಪಿನ ಅಶ್ವಶಕ್ತಿ ಏರುತ್ತದೆ, ಅದರ ಹಿಂದೆಯೇ ಹೆಚ್ಚು ಸಾಮರ್ಥ್ಯದ ಟಿ.ಸಿ. ಬರುತ್ತದೆ. ಮೆಸ್ಕಾಂ ಪರಿವರ್ತಕವನ್ನು ಬದಲಿಸಿದ ದಿನವೇ ಹಳೆಯ ಬೋರ್ಡಿನ ಲೆಕ್ಕವೂ ಬದಲಾಗುತ್ತದೆ. ಹಿಂದೆ ಸರಿಯಿದ್ದ ಹಳೆಯ ಕಿಟ್‌ಕ್ಯಾಟ್ ಫ್ಯೂಸ್ ಇಂದು ಸರಿಯಿರಬೇಕೆಂದೇನೂ ಇಲ್ಲ. ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದ್ದರಂತೂ ರಕ್ಷಣೆ ಎಂಬುದು ಹೆಸರಿಗೆ ಮಾತ್ರ.

ಪರಿವರ್ತಕದಿಂದ ಬಹುದೂರ, ತೋಟದ ಅಂಚಿನಲ್ಲಿರುವ ಕೊಳವೆ ಬಾವಿಯಲ್ಲಿ ತೊಂದರೆ ತಿರುಗುಮುರುಗು. ಉದ್ದನೆಯ ತಂತಿಯ ತಡೆಯಿಂದಾಗಿ ದೋಷಪ್ರವಾಹ ಕೆಲವು ನೂರು ಆಂಪಿಯರಿಗೆ ಕುಗ್ಗಬಹುದು. ‘ಸಿ’ ಗುರುತಿನ ಎಂ.ಸಿ.ಬಿ. ಕ್ಷಣಮಾತ್ರದಲ್ಲಿ ಬೀಳಲು ತನ್ನ ಆಂಪಿಯರಿನ 5ರಿಂದ 10 ಪಟ್ಟು ಪ್ರವಾಹ ಬೇಕು. 63 ಆಂಪಿಯರಿನದಕ್ಕೆ ಖಚಿತವಾಗಿ ಬೇಕಾದದ್ದು 630. ಅಷ್ಟು ಸಿಗದಿದ್ದರೆ ಅದು ನಿಧಾನವಾಗಿ ಬೀಳುತ್ತದೆ, ಅಷ್ಟರೊಳಗೆ ಕೇಬಲ್ ಸುಡುತ್ತದೆ. ಅಲ್ಲಿ ಮೋಟಾರಿಗೆ ತಕ್ಕಷ್ಟೇ ಆಂಪಿಯರಿನ ಬ್ರೇಕರ್ ಹಾಕಬೇಕು. ಪದೇಪದೇ ಬೀಳುತ್ತದೆಂದು ದೊಡ್ಡದನ್ನು ಹಾಕುವುದು ಪರಿಹಾರವಲ್ಲ.

ಅಂಗಡಿಯಲ್ಲಿ ಗುರುತಿಸುವುದು ಕಷ್ಟವಲ್ಲ. ಎಂ.ಸಿ.ಬಿ.ಯ ಮುಖದ ಮೇಲೆ ಚಿಕ್ಕ ಆಯತದೊಳಗೆ 6000 ಅಥವಾ 10000 ಎಂದಿರುತ್ತದೆ. ಅದೇ ತುಂಡರಿಸುವ ಸಾಮರ್ಥ್ಯ, ಆಂಪಿಯರ್‌ಗಳಲ್ಲಿ. ಆಯತವೇ ಇಲ್ಲದ, ಐ.ಎಸ್.ಐ. ಗುರುತಿಲ್ಲದ ಸಾಮಾನನ್ನು ಪಡೆಯಬಾರದು. ನೋಟಕ್ಕೆ ಎಂ.ಸಿ.ಬಿ.ಯಂತೆಯೇ ಇರುವ ಐಸೊಲೇಟರ್ ದೋಷ ಬಂದಾಗ ತಾನಾಗಿ ಬೀಳುವುದೇ ಇಲ್ಲ. ಕಡಿಮೆ ದರದ ಪಟ್ಟಿಯಲ್ಲಿ ಅದು ನುಸುಳಿದೆಯೇ ಎಂದು ನೋಡಬೇಕು. ಎಂ.ಸಿ.ಸಿ.ಬಿ. ಮೇಲೆ ಎರಡು ಅಂಕಿಗಳಿರುತ್ತವೆ. ‘ಐ.ಸಿ.ಯು.’ ಎಂಬುದು ಅದು ಕಡಿಯಬಲ್ಲ ಪರಮಾವಧಿ. ಅಷ್ಟನ್ನು ಕಡಿದ ಬಳಿಕ ಅದು ಮೊದಲಿನಂತೆ ಕೆಲಸ ಮಾಡೀತೆಂಬ ಭರವಸೆಯಿಲ್ಲ. ‘ಐ.ಸಿ.ಎಸ್.’ ಎಂಬುದು ಕಡಿದ ಮೇಲೂ ಸೇವೆಗೆ ಉಳಿಯುವ ಮಟ್ಟ. ಊರಿನ ನೀರು ಒಂದೇ ಬ್ರೇಕರನ್ನು ನಂಬಿರುವಲ್ಲಿ ಎರಡನೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯುವುದು ಲೇಸು.

ಆದುದರಿಂದ ಅಂದಾಜು ಪಟ್ಟಿಯ ಸಾಲು ಹೀಗಿರಬೇಕು: ‘63 ಆಂಪಿಯರ್, ಸಿ ವರ್ಗ, ನಾಲ್ಕು ಪೋಲ್, 10 ಕಿಲೋ ಆಂಪಿಯರ್, ಐ.ಎಸ್.ಐ. ಗುರುತಿನದು’. ಪರಿವರ್ತಕದ ಕೆ.ವಿ.ಎ. ಮತ್ತು ಇಂಪಿಡೆನ್ಸ್ ಅದರ ಕೆಳಗೇ ಬರೆದಿರಲಿ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಲೆಕ್ಕ ತಾಳೆ ನೋಡಿ ಸಹಿ ಮಾಡಲಿ. ಬ್ರೇಕರ್ ದೊಡ್ಡ ಶಬ್ದದೊಂದಿಗೆ ಬಿದ್ದರೆ ದೋಷ ಪತ್ತೆಯಾಗುವವರೆಗೆ ಮತ್ತೆ ಏರಿಸಬಾರದೆಂದು ನೀರುಗಂಟಿಗೆ ಬರಹದಲ್ಲಿ ತಿಳಿಸಿ, ಆ ಸೂಚನೆಯನ್ನು ಬೋರ್ಡಿನ ಪಕ್ಕದಲ್ಲಿಯೇ ಅಂಟಿಸಬೇಕು. ನೀರು ಬಂದಿಲ್ಲವೆಂದು ಸದಸ್ಯರೇ ಫೋನ್ ಮಾಡಿ ಅವಸರಪಡಿಸಿದಾಗಲೂ ಆ ಸೂಚನೆಗೆ ವಿನಾಯಿತಿ ಇರಕೂಡದು.