ಆಕಾಶದ ಪಾಠಾಂತರಗಳು

ನಕ್ಷತ್ರಗಳ ಛಾಯಾಗ್ರಹಣಕ್ಕೂ ಗ್ರಂಥಸಂಪಾದನೆಗೂ ಏನು ಸಂಬಂಧವೆಂದು ಶ್ರೋತೃಗಳು ಶಂಕಿಸಬಹುದು. ಹವ್ಯಾಸಿ ಖಗೋಳವೀಕ್ಷಕನಾಗಿ ಈಚೆಗೆ ಅಂಥದೊಂದು ಕಮ್ಮಟದಲ್ಲಿ ಎರಡು ರಾತ್ರಿ ಕಳೆದ ಮೇಲೆ, ಓಲೆಗರಿಗಳ ನಡುವೆ ವಯಸ್ಸು ಸವೆಸಿದ ನನಗೆ ಅವೆರಡೂ ಒಂದೇ ಮನೆತನದ ವಿದ್ಯೆಗಳೆಂದು ತೋರಿತು.

ಮಹಾವ್ಯಾಧ, ಎಂದರೆ ಓರಿಯನ್, ನಕ್ಷತ್ರಪುಂಜದ ಖಡ್ಗದಲ್ಲಿರುವ ನೀಹಾರಿಕೆ ನಮ್ಮ ಲಕ್ಷ್ಯವಾಗಿತ್ತು. ಅದರ ದೂರ ಸುಮಾರು 1,300 ಜ್ಯೋತಿರ್ವರ್ಷ. ನಾವು ಕಂಡ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು. ಬರಿಗಣ್ಣಿಗೆ ಅದೊಂದು ಮಸುಕು ಚುಕ್ಕೆ. ಕಣ್ಣು ಬಂದ ಬೆಳಕನ್ನು ಆಗಿಂದಾಗಲೇ ಕಂಡು ಕಳೆಯುತ್ತದೆ; ಕ್ಯಾಮರಾ ಕೂಡಿಡುತ್ತದೆ. 1880ರಲ್ಲಿ ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಮೊದಲ ಛಾಯಾಚಿತ್ರಕ್ಕಾಗಿ 51 ನಿಮಿಷ ಬೆಳಕನ್ನು ಕೂಡಿಸಿದ್ದರು.

ಆದರೆ ಭೂಮಿ ನಿಲ್ಲದು. 4 ನಿಮಿಷಕ್ಕೆ 1 ಡಿಗ್ರಿಯಂತೆ ಅದು ತಿರುಗುವುದರಿಂದ ನಿಶ್ಚಲ ಕ್ಯಾಮರಾದಲ್ಲಿ ನಕ್ಷತ್ರಗಳು ಗೆರೆಗಳಾಗುತ್ತವೆ. ಆದುದರಿಂದ ದೂರದರ್ಶಕದ ಪೀಠದ ಅಕ್ಷವನ್ನು ಧ್ರುವದತ್ತ ನಿಲ್ಲಿಸಿ, ಮೋಟಾರಿನಿಂದ ಆಕಾಶದ ಗತಿಗೆ ಸರಿಯಾಗಿ ನಡೆಸಬೇಕು. ದಕ್ಷಿಣ ಕರ್ನಾಟಕದಲ್ಲಿ ಧ್ರುವನಕ್ಷತ್ರವು ದಿಗಂತದಿಂದ ಸುಮಾರು 13 ಡಿಗ್ರಿ ಮಾತ್ರ ಮೇಲಿದೆ. ಅದನ್ನು ಮರೆಮಾಡಲು ಒಂದು ಮಾವಿನ ಮರ ಸಾಕು.

ಇಷ್ಟಾದರೂ ಒಂದೊಂದು ಚಿತ್ರದಲ್ಲಿಯೂ ಹುಸಿಚುಕ್ಕೆಗಳ ಗೊಂದಲವಿರುತ್ತದೆ. ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದನ್ನು ಹೊಂದಿಸಿ ಸರಾಸರಿ ಹಿಡಿಯುವುದು ಕ್ರಮ. 16 ಚಿತ್ರಗಳು ಕೂಡಿದರೆ ಈ ಗೊಂದಲ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಲಿಪಿಕಾರರ ಕೈತಪ್ಪು ಪ್ರತಿಯಿಂದ ಪ್ರತಿಗೆ ಬೇರೆ; ಎಲ್ಲದರಲ್ಲಿಯೂ ಉಳಿದುಬರುವುದು ಮೂಲಪಾಠವೆಂದು ನಾವು ಊಹಿಸುವುದಿಲ್ಲವೇ?

ಆದರೆ ಬಹುಮತವೇ ಪ್ರಮಾಣವಲ್ಲ. ಒಂದೇ ದುಷ್ಟಪ್ರತಿಯಿಂದ ನಕಲಾದ ಓಲೆಗಳೆಲ್ಲ ಅದೇ ದೋಷವನ್ನು ಹೊತ್ತಿರುವಂತೆ, ಕ್ಯಾಮರಾದೊಳಗಿನ ದೋಷವೂ ಪ್ರತಿ ಚಿತ್ರದಲ್ಲಿ ಒಂದೇ ಸ್ಥಾನದಲ್ಲಿ ಮಿನುಗುತ್ತದೆ. ಮುಚ್ಚಳವನ್ನು ಹಾಕಿ, ಅಷ್ಟೇ ಹೊತ್ತು ಬರಿಯ ಕತ್ತಲೆಯ ಚಿತ್ರವನ್ನು ತೆಗೆದಾಗ ಈ ಹುಸಿನಕ್ಷತ್ರಗಳು ಬಯಲಾಗುತ್ತವೆ. ಆಗ ಅವನ್ನು ಕಳೆಯಬಹುದು.

ನೀಹಾರಿಕೆಯ ಚಿತ್ರದಲ್ಲಿ ಮೂಡಿದ ಕೆಂಪನ್ನು ಕಂಡು, ಇದು ಬಳಿದ ಬಣ್ಣವೇ ಎಂದು ಒಬ್ಬರು ಕೇಳಿದರು. ಅಲ್ಲ, ಅದು ಹೈಡ್ರೋಜನ್ ಅನಿಲದ ಸ್ವಂತ ಬೆಳಕು. ಮಂದಪ್ರಕಾಶದಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು, ಅಷ್ಟೆ. ಇದ್ದುದನ್ನು ಎತ್ತಿ ತೋರುವುದು ಸಂಪಾದನೆ. ಇಲ್ಲದುದನ್ನು ಸೇರಿಸುವುದು ಪ್ರಕ್ಷೇಪ. ಇಂದಿನ ಕಂಪ್ಯೂಟರು ಇಲ್ಲದ ನಕ್ಷತ್ರವನ್ನೂ ಕ್ಷಣಾರ್ಧದಲ್ಲಿ ಬರೆದುಕೊಡಬಲ್ಲುದು. ಆದುದರಿಂದಲೇ, ತ್ರುಟಿತ ಪದ್ಯದ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ಸುಮ್ಮನಾಗುವ ಸಂಪಾದಕನ ಸಂಯಮ ಛಾಯಾಗ್ರಾಹಕನಿಗೂ ಬೇಕು. ಕತ್ತಲೆಯಿದ್ದಲ್ಲಿ ಕತ್ತಲೆಯನ್ನು ಉಳಿಸುವುದೂ ಆಕಾಶಕ್ಕೆ ನಾವು ಸಲ್ಲಿಸಬೇಕಾದ ನಿಷ್ಠೆ.